ಬಾಗಿಲ ಕಡೆಗೊಂದು ನೋಟ

ಸಂಜಯನಗರ, ಬೆಂಗಳೂರು
೧೭ ಫೆಬ್ರವರಿ ೨೦೨೫, ಸೋಮವಾರ

ಅಕ್ಕರೆಯ ಅಕ್ಕಾ,

ಮಂಡಿನೋವು ಈಗ ಹೇಗಿದೆ? ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲಾ ಬೀರುವಿನಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದ್ದೀಯೋ? ಭಾವ ಹೇಗಿದ್ದಾರೆ? ದೇವನಹಳ್ಳಿಗೆ ಬರಬೇಕೆಂದು ಒಂದು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಕಾಲೇಜಿನ ನೃತ್ಯ ಕಾರ್ಯಕ್ರಮ ನನ್ನನ್ನು ಹಿಂಡಿ ಹಿಪ್ಪೆ ಮಾಡಿತು. ಫೋನಿನಲ್ಲಿ ಹೇಳಿದರೆ ನೀನು ‘ಬುಡು ಅತ್ಲಾಗೆ’ ಎಂದು ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ.

ಶನಿವಾರ ಎಲ್ಲ ಮುಗಿಯಿತು. ನಮ್ಮ ಅಧ್ಯಾಪಕರು ಸಂಯೋಜಿಸಿದ ಮೂರು ನೃತ್ಯ, ಮೈಸೂರಿನಿಂದ ಬಂದ ಅತಿಥಿ ವೇಣುಗೋಪಾಲ್ ಅವರದೊಂದು. ಅಭ್ಯಾಸಕ್ಕೆ ಅವರಿಗೆ ಎರಡು ವಾರ ಸಭಾಂಗಣ ಕೊಟ್ಟರು. ನಾನು ಇಪ್ಪತ್ತು ಹುಡುಗಿಯರನ್ನು ಕಟ್ಟಿಕೊಂಡು ಕ್ಯಾಂಟೀನಿನ ಹಿಂದಿನ ಸಿಮೆಂಟು ನೆಲದ ಮೇಲೆ ಕುಣಿದೆ. ಪಾದ ಊದಿ ಕಡುಬಾಗಿದೆ. ಕಾರ್ಯಕ್ರಮದ ದಿನ ಡ್ರೆಸ್ಸು, ಗೆಜ್ಜೆ ತರುತ್ತಿದ್ದ ಆಟೋ ಹೆಬ್ಬಾಳದಲ್ಲಿ ಸಿಕ್ಕಿಕೊಂಡಿತು. ಅದು ಬರುವವರೆಗೂ ಪ್ರಿನ್ಸಿಪಾಲರು ಭಾಷಣ ಎಳೆದರು. ಅವರ ಭಾಷಣದಿಂದ ಉಪಕಾರವಾಗಿದ್ದು ಇದೇ ಮೊದಲು.

ನಾನು ಆಡಿಸಿದ್ದು ನಮ್ಮ ಗಂಗಾನಗರದ ಹಳೇ ಮನೆಯ ಜತಿ. ನೆನಪಿದೆಯಲ್ಲ? ನಾಟ್ಯದ ಟೀಚರ ಮನೆಗೆ ಹಾಲು ಹಾಕಲು ಹೋಗುತ್ತಿದ್ದ ನೀನು ಕಿಟಕಿಯಾಚೆ ನಿಂತು ನೋಡಿ, ಕೊಟ್ಟಿಗೆಯಲ್ಲಿ ನನಗೆ ಹೇಳಿಕೊಡುತ್ತಿದ್ದೆ. ಮುದ್ದೆ ಕೋಲಿನಿಂದ ಕಲ್ಲಿನ ಮೇಲೆ ತಾಳ. ನೋಡಿದ್ದು ಅರ್ಧ, ಉಳಿದರ್ಧ ನೀನೇ ಕಟ್ಟಿದ್ದು. ನಡುವೆ ಒಂದು ಎಣಿಕೆ ನಿಂತು, ‘ಅಪ್ಪ ಬಂತಾ’ ಎಂದು ಕತ್ತು ತಿರುಗಿಸಿ ಬಾಗಿಲು ನೋಡುತ್ತಿದ್ದೆ. ಪೆದ್ದಿ ನಾನು, ಅದೂ ನೃತ್ಯವೆಂದೇ ಕಲಿತೆ. ಒಂದು ದಿನ ಅಪ್ಪ ಬಂದೇಬಿಟ್ಟರು, ನಿನ್ನ ಕುಣಿತ ಅಂದಿಗೇ ನಿಂತಿತು. ಆರು ತಿಂಗಳಲ್ಲಿ ನಿನ್ನ ಮದುವೆಯಾಯಿತು. ನನ್ನ ಕಾಲಕ್ಕೆ ಅಪ್ಪ ಮೆತ್ತಗಾಗಿ, ಅದೇ ಟೀಚರ ಮನೆಗೆ ತಾವೇ ನನ್ನನ್ನು ಸೈಕಲ್ಲಿನಲ್ಲಿ ಬಿಟ್ಟುಬಂದರು.

ಅಭ್ಯಾಸದಲ್ಲಿ ಸಬಾ ಎಂಬ ಹುಡುಗಿ, ‘ಮೇಡಂ, ಅಲ್ಲಿ ಯಾರನ್ನ ನೋಡ್ಬೇಕು?’ ಎಂದು ಕೇಳಿದಳು. ‘ಸುಮ್ನೆ ನೋಡಮ್ಮ’ ಎಂದೆ. ಶನಿವಾರ ಇಪ್ಪತ್ತು ಕತ್ತು ಒಟ್ಟಿಗೆ ಬಾಗಿಲತ್ತ ತಿರುಗಿದಾಗ ಕೂತ ಜನರೂ ತಿರುಗಿ ನೋಡಿದರು. ಚಪ್ಪಾಳೆ ಬಿತ್ತು. ಮನೆಗೆ ಬಂದು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತೆ. ಸಂತೋಷಪಡುವುದಕ್ಕೂ ತ್ರಾಣವಿರಲಿಲ್ಲ.

ಭಾವನಿಗೆ ನಮಸ್ಕಾರ ತಿಳಿಸು, ಮೊಮ್ಮಗಳಿಗೆ ಒಂದು ಮುತ್ತು. ಮಾತ್ರೆ ತಪ್ಪಿಸಬೇಡ.

ನಿನ್ನ ಪೆದ್ದಿ ತಂಗಿ,
ಪದ್ಮಶ್ರೀ

ತಾ.ಕ.: ಬರೆಯಬೇಕಾದ ಮಾತನ್ನೇ ಬಿಟ್ಟು ಲಕೋಟೆ ಅಂಟಿಸಲು ಹೊರಟಿದ್ದೆ. ಶನಿವಾರ ನೃತ್ಯ ಮುಗಿದ ಮೇಲೆ ವೇಣುಗೋಪಾಲ್ ಬಂದು, ‘ಆ ನೋಟ ಯಾರ್ ಹಾಕಿದ್ದು ಮೇಡಂ?’ ಎಂದರು. ‘ನಂದೇ’ ಎಂದುಬಿಟ್ಟೆ. ಕರಪತ್ರದಲ್ಲೂ ನನ್ನ ಹೆಸರೇ ಅಚ್ಚಾಗಿತ್ತು. ಎರಡು ದಿನ ಆ ಕರಪತ್ರವನ್ನು ತೆಗೆದು ತೆಗೆದು ನೋಡಿದೆ. ಇವತ್ತು ಬೆಳಿಗ್ಗೆ ಅವರಿಗೆ ಫೋನು ಮಾಡಿ ನಿಜ ಹೇಳಿದೆ. ಮಾರ್ಚ್ ಎಂಟರಂದು ಅದೇ ಸಭಾಂಗಣದಲ್ಲಿ ಅದೇ ನೃತ್ಯ ಮತ್ತೆ ಇದೆ. ಕರಪತ್ರದಲ್ಲಿ ‘ನೃತ್ಯ ಸಂಯೋಜನೆ: ಲಕ್ಷ್ಮಿದೇವಮ್ಮ’ ಎಂದು ನಿನ್ನ ಹೆಸರನ್ನೇ ಬರೆಸಿದ್ದೇನೆ. ಕ್ಷಮಿಸಿದ್ದರೆ ಬಾ, ಕ್ಷಮಿಸದಿದ್ದರೂ ಬಾ. ಬಾಗಿಲ ಪಕ್ಕದ ಕುರ್ಚಿ ನಿನ್ನದು. ಯಾರನ್ನು ನೋಡಬೇಕೆಂದು ಸಬಾ ಕೇಳಿದ್ದಳಲ್ಲ, ನಿನ್ನನ್ನು ನೋಡಲಿ.