ಆಹ್ವಾನ ಪತ್ರಿಕೆಯ ಮೇಲಿನ ಮಾತು

ಗುರುವಾರ, ಅಕ್ಕನ ಮನೆಯಿಂದ

ಫಿಲಂ ಸೊಸೈಟಿಯ ಮಾನ್ಯ ಕಾರ್ಯದರ್ಶಿಗಳಿಗೆ, ಅಂದರೆ ನನ್ನ ಮಗಳ ಅಪ್ಪನಿಗೆ,

ನಿಮ್ಮ ಕಾಗದ ತಲುಪಿತು. ಎಂಟು ತಿಂಗಳ ಮೇಲೆ ಹೆಂಡತಿಗೆ ಬರೆದ ಮೊದಲ ಕಾಗದ. ಅದರಲ್ಲಿ ಹೇಗಿದ್ದೀಯ ಎಂಬ ಒಂದು ಮಾತಿಲ್ಲ. ಭಾನುವಾರ ಐದಕ್ಕೆ ಬಾ, ಕನ್ನಡಕ ಮರೆಯಬೇಡ, ಮೈಕ್ ರಿಪೇರಿ ಮಾಡಿಸಿದ್ದೇನೆ, ಉದ್ದಕ್ಕೂ ಬರೀ ಸೊಸೈಟಿಯ ಮಾತೇ. ಓದಿ ಮೈಯೆಲ್ಲ ಉರಿದುಹೋಯಿತು. ಅಕ್ಕ ಹರಿದು ಬಿಸಾಕು ಅಂದಳು. ನಾನು ಅದರ ಹಿಂಬದಿಯಲ್ಲೇ ಉತ್ತರ ಬರೆಯುತ್ತಿದ್ದೇನೆ.

'ಲೋಕದ ಬಂಡಾಯ ಚಿತ್ರಗಳ ಉತ್ಸವ'ವಂತೆ. ಮಾಡಿ, ಮಾಡಿ. ಹನ್ನೊಂದು ವರ್ಷ ಮಾಡಿದ್ದೂ ಅದೇ ತಾನೆ? ಗಣಿಯ ಕೂಲಿಗಳು ಕೆಲಸ ನಿಲ್ಲಿಸಿದ್ದು, ಶಾಲೆಯ ಹುಡುಗಿಯರು ತಲೆ ಬೋಳಿಸಿಕೊಂಡು ಬಂದೂಕಿನ ಮುಂದೆ ಕುಳಿತದ್ದು. ಯಾವ ಚಿತ್ರಕ್ಕೂ ಪರದೆಯ ಕೆಳಗೆ ನಮ್ಮ ಭಾಷೆಯ ಅಕ್ಷರ ಇರುತ್ತಿರಲಿಲ್ಲ. ನೀವು ತಂದ ಸಂಭಾಷಣೆಯ ಹಾಳೆಗಳನ್ನು ಅಡುಗೆಮನೆಯ ಮೇಜಿನ ಮೇಲೆ ನಾನು ಅನುವಾದಿಸಿ, ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ಪರದೆ ನೋಡುತ್ತಾ ಮೈಕಿನಲ್ಲಿ ಓದುತ್ತಿದ್ದೆ. ದೊರೆಯೂ ನಾನೇ, ದಂಗೆಯೆದ್ದವನೂ ನಾನೇ. ನೀವು ಅರ್ಧ ಗಂಟೆ ಭಾಷಣ ಬಿಗಿದು, ದೀಪ ಆರಿದ ಕೂಡಲೇ ಎದುರಿನ ಟೀ ಅಂಗಡಿಗೆ ನಡೆಯುತ್ತಿದ್ದಿರಿ. ಕೇಳಿದರೆ, ನಾನು ನೋಡಿರೋದೇ ಅಂತ. ಒಂದನ್ನೂ ನೋಡಿರಲಿಲ್ಲ. ಪ್ರೊಜೆಕ್ಟರ್ ಓಡಿಸುವ ಆಪರೇಟರ್ ಮಾಮನಿಗೂ ಅದು ಗೊತ್ತಿತ್ತು, ಪಾಪ, ಬಾಯಿ ಬಿಡಲಿಲ್ಲ.

ನಮ್ಮ ಮಗಳು ಮಾತ್ರ ನೋಡಿದಳು. ನೋಡಿ, ಆ ಹುಡುಗಿಯರಂತೆಯೇ ತಲೆ ಬೋಳಿಸಿಕೊಂಡು ಮನೆಗೆ ಬಂದಳು. ನೀವು ಕೆನ್ನೆಗೆ ಬಾರಿಸಿದಿರಿ. ನನ್ನ ಮನೇಲಿ ನನ್ನ ಮಾತೇ ನಡೀಬೇಕು ಅಂದಿರಿ. ಅವಳನ್ನು ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದಿರಿ. ಎರಡನೇ ದಿನ ಸಂಜೆ ಗಣಿಯ ಚಿತ್ರ ಇತ್ತು. ಬಾಗಿಲು ತೆಗೆಯಿರಿ ಎಂದು ಅಂಗಲಾಚಿದೆ. ಬಾಯಿ ಮುಚ್ಚಿಕೊಂಡು ಹಾಳೆ ತಗೊಂಡು ನಡಿ, ಹೊತ್ತಾಯ್ತು ಅಂದಿರಿ.

ನಾನು ನಡೆದೆ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಚಿಲಕ ನನ್ನ ಕೈಗೆ ಎಟುಕುವಷ್ಟು ಎತ್ತರದಲ್ಲೇ ಇತ್ತು, ಆದರೂ ಮಗಳನ್ನು ಒಳಗೇ ಬಿಟ್ಟು ಬಂದು ನಿಮ್ಮ ಸಭೆಗೆ ಸ್ವಾತಂತ್ರ್ಯದ ಮಾತು ಓದಿದೆ. ಚಿತ್ರ ಮುಗಿಯುವವರೆಗೂ ಕೂರಲು ಮಾತ್ರ ಆಗಲಿಲ್ಲ. ಕೊನೆಯ ಹಾಳೆಗಳನ್ನು ಮಾಮನ ಕೈಗಿಟ್ಟು ಓಡಿದೆ, ಬಾಗಿಲು ತೆಗೆದೆ, ಅವಳನ್ನು ಕರೆದುಕೊಂಡು ಇಲ್ಲಿಗೆ ಬಂದೆ.

ಈಗ ನೀವು ಕಳಿಸಿದ ಆಹ್ವಾನ ಪತ್ರಿಕೆ ನನ್ನ ಮುಂದಿದೆ. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಗಣಿಯ ಚಿತ್ರದ ಕೂಲಿ ಮುಖಂಡನ ಹೆಂಡತಿಯ ಮಾತು: "ಊರನ್ನೆಲ್ಲ ಬಿಡಿಸೋಕೆ ಹೊರಟವನೇ, ಮೊದಲು ನಿನ್ನ ಮನೆ ಬಾಗಿಲ ಚಿಲಕ ತೆಗಿ." ಅವತ್ತು ನಾನಿದನ್ನು ಓದಿದಾಗ ಜನ ಚಪ್ಪಾಳೆ ತಟ್ಟಿದ್ದು ಟೀ ಅಂಗಡಿಯವರೆಗೂ ಕೇಳಿಸಿತೆಂದು ಬರೆದಿದ್ದೀರಿ. ಆ ಮಾತಿನ ಮೇಲೆ ದಿನಪತ್ರಿಕೆಗೆ ಲೇಖನವನ್ನೂ ಬರೆದಿರಂತೆ. ಭಾನುವಾರ ಅದೇ ಚಿತ್ರ ಮತ್ತೆ ತೋರಿಸುತ್ತೇವೆ, ಅದರ ಸಂಕಲನಕಾರ್ತಿ ದೂರದಿಂದ ಬರುತ್ತಿದ್ದಾರೆ, ಅವರೆದುರು ಅದೇ ಧಾಟಿಯಲ್ಲಿ ಓದಬೇಕು, ನನ್ನ ಮಾನದ ಪ್ರಶ್ನೆ ಎಂದಿದ್ದೀರಿ. ನಿಮ್ಮ ಮಾನ ಈಗ ನನ್ನ ಬಾಯಲ್ಲಿದೆ ಎಂದಾಯಿತು. ಕೇಳಿ ಖುಷಿಯಾಯಿತು.

ಓದುವುದಿಲ್ಲ. ಆದರೆ ಬರುತ್ತೇನೆ. ಮಗಳೂ ಬರುತ್ತಾಳೆ. ಮೊದಲ ಸಾಲಿನಲ್ಲಿ ಎರಡು ಕುರ್ಚಿ ಖಾಲಿ ಇಡಿ. ಅವಳ ಕೂದಲು ಬೆಳೆದಿತ್ತು, ನಿನ್ನೆ ಮತ್ತೆ ಬೋಳಿಸಿಕೊಂಡಳು. ರೇಜರ್ ಹಿಡಿದವಳು ನಾನೇ.

ಇನ್ನು ನಿಮ್ಮವಳಲ್ಲದ,
ಮೈಕಿನವಳು

ಮರೆತಿದ್ದೆ: ಗಣಿಯ ಚಿತ್ರದಲ್ಲಿ ಆ ಹೆಂಡತಿ ಒಂದು ಮಾತೂ ಆಡುವುದಿಲ್ಲ. ನಮಗೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಾಳೆ, ಅಷ್ಟೇ. ನಿಮ್ಮ ಹಾಳೆಯಲ್ಲೂ ಅಲ್ಲಿ ಏನೂ ಇರಲಿಲ್ಲ. ಆ ಮಾತು ನಾನು ನಿಮಗೆ ಹೇಳಿದ್ದು. ಸಂಕಲನಕಾರ್ತಿಗೆ ಚಿತ್ರವೆಲ್ಲ ಬಾಯಿಪಾಠವಿರುತ್ತದೆ. ಆ ಮಾತು ಚಿತ್ರದಲ್ಲಿ ಎಲ್ಲಿದೆ ಎಂದು ಆಕೆ ಕೇಳಿದಾಗ ನೀವೇನು ಹೇಳುತ್ತೀರೋ ನೋಡಲಿಕ್ಕೇ ಬರುತ್ತಿದ್ದೇವೆ. ಈ ಸಲ ಟೀ ಅಂಗಡಿಗೆ ಹೋಗಬೇಡಿ.