ಕ್ರೀಡಾಂಗಣದ ಬಸ್ಸು ನಿಲ್ಲಿಸಿದವರಿಗೆ

ಮಾನ್ಯ ಸಾರಿಗೆ ಮುಖ್ಯಾಧಿಕಾರಿಗಳೇ,

ಬೇಸ್‌ಬಾಲ್ ಕ್ರೀಡಾಂಗಣಕ್ಕಿದ್ದ ನೇರ ಬಸ್ಸನ್ನು ಏಪ್ರಿಲ್‌ನಲ್ಲಿ ನೀವು ನಿಲ್ಲಿಸಿದಿರಿ. ಅದಕ್ಕಾಗಿ ನಾನು ನಿಮ್ಮನ್ನು ಕ್ಷಮಿಸಿಲ್ಲ, ಕ್ಷಮಿಸುವ ಉದ್ದೇಶವೂ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಓದಲು ನಿಮಗೆ ಸುಲಭ.

"ಬಹುತೇಕ ಪ್ರೇಕ್ಷಕರು ಕಾರಿನಲ್ಲೇ ಬರುತ್ತಾರೆ" ಎಂದಿತು ನಿಮ್ಮ ಪ್ರಕಟಣೆ. ಬಸ್ಸು ತೆಗೆದ ಮೇಲೆ ಇನ್ನು ಹಾರಿಕೊಂಡು ಬರುತ್ತಾರೆಯೇ? ನಿಮ್ಮ ಕಚೇರಿಗೆ ಫೋನ್ ಮಾಡಿದೆ. "ಕಾರಲ್ಲಿ ಹೋಗಬಹುದಲ್ಲಮ್ಮ" ಎಂದ ಅಲ್ಲಿಯ ಗುಮಾಸ್ತ, ಬಹಳ ಮೃದುವಾಗಿ.

"ಹೋಗಬಹುದಪ್ಪ. ನಂಗೆ ಕೈ ನಡುಗುತ್ತೆ, ನಮ್ಮೆಜಮಾನ್ರಿಗೆ ಎರಡೂ ಕಣ್ಣು ಕಾಣಲ್ಲ. ಇಬ್ಬರಲ್ಲಿ ಯಾರು ಓಡಿಸ್ಲಿ, ನೀನೇ ಹೇಳು."

ಆತ ಫೋನ್ ಇಟ್ಟ.

ಜೂನ್ ಎರಡನೇ ಶನಿವಾರ ಮಧ್ಯಾಹ್ನದ ಆಟ. ಆಟಕ್ಕೆ ಮೊದಲು ರಾಷ್ಟ್ರಗೀತೆ ಹಾಡಲು ನಮ್ಮ ಮೊಮ್ಮಗಳು ಟೆರೆಸಾಳನ್ನು ಆರಿಸಿದ್ದರು. ಮಗಳು ಅವಳನ್ನು ಅಭ್ಯಾಸಕ್ಕೆಂದು ಬೆಳಿಗ್ಗೆಯೇ ಕಾರಿನಲ್ಲಿ ಕರೆದೊಯ್ದಳು. ಬಸ್ಸಿನಲ್ಲಿ ಬರುತ್ತೇವೆ ಎಂದೆವು ನಾವು. ಮೂವತ್ತು ವರ್ಷ ಹಾಗೇ ಹೋಗಿದ್ದೆವಲ್ಲ. ನನ್ನ ಗಂಡ ಲೆಯೊನಾರ್ಡ್ ತಿಂಡಿಗೂ ಮೊದಲೇ ತಂಡದ ಟೋಪಿ ಹಾಕಿಕೊಂಡು ಕುಳಿತಿದ್ದರು. ಮೊಮ್ಮಗಳನ್ನು ನೋಡುವಂತಿಲ್ಲ, ಕೇಳಬಹುದಷ್ಟೇ.

ಮೊದಲಿನ ಬಸ್ಸಾದರೆ ಇಪ್ಪತ್ತೈದು ನಿಮಿಷ. ಈಗ ಎರಡು ಬಸ್ಸು. ವೇಳಾಪಟ್ಟಿಯಲ್ಲಿ ಹನ್ನೆರಡಕ್ಕೆ ಬರಬೇಕಿದ್ದ ಎರಡನೆಯದು ಬರಲೇ ಇಲ್ಲ. ಮುಂದಿನದು ಬಂದು ನಮ್ಮನ್ನು ಹೆದ್ದಾರಿಯ ಸೇತುವೆಯಾಚೆ ಇಳಿಸಿತು. ಅಲ್ಲಿಂದ ಒಂದು ಮೈಲಿ, ಕಾಲುದಾರಿಯಿಲ್ಲ. ಪಕ್ಕದಲ್ಲೇ ಕಾರುಗಳು ಹಾರ್ನ್ ಹೊಡೆಯುತ್ತ ಸಾಗುತ್ತಿದ್ದವು. ಅವರ ತೋಳು ಹಿಡಿದು ನಡೆಸಿದೆ.

"ವಾಂಡಾ, ಹಾಡ್ತಿದಾಳಾ?"

"ಇಲ್ಲ, ಇನ್ನೂ ಶುರುವಾಗಿಲ್ಲ."

ಕಾರು ನಿಲ್ಲಿಸುವ ಬಯಲಿನ ಅಂಚು ತಲುಪುವಷ್ಟರಲ್ಲಿ ಒಳಗಿನಿಂದ ಸಾವಿರಾರು ಜನರ ಚಪ್ಪಾಳೆ ಕೇಳಿತು.

"ಹಾಗಾದ್ರೆ ಈ ಚಪ್ಪಾಳೆ ಯಾರಿಗೆ?"

ಅವರು ಟೋಪಿ ತೆಗೆದು ಎದೆಗಿಟ್ಟುಕೊಂಡು, ಮುಗಿದುಹೋದ ಹಾಡಿಗೆ ಅಲ್ಲೇ ನಿಂತರು.

ಸಾವಿರಾರು ಕಾರುಗಳನ್ನು ದಾಟಿ ಹೋದೆವು. ಬಾಗಿಲ ಪಕ್ಕದ ಮೊದಲ ಜಾಗದಲ್ಲಿ ತೊಳೆದು ಹೊಳಪಿಸಿದ ಒಂದು ಕಪ್ಪು ಕಾರು. ಮುಂದಿನ ಫಲಕದಲ್ಲಿ ನಿಮ್ಮ ಹುದ್ದೆ ಬರೆದಿತ್ತು. ನಗರದ ಬಸ್ಸುಗಳನ್ನೆಲ್ಲ ಕೈಯಲ್ಲಿಟ್ಟುಕೊಂಡವರಿಗೂ ಒಂದು ಬಸ್ಸು ಸಿಗಲಿಲ್ಲವೆಂದರೆ ನಮ್ಮಂಥವರ ಪಾಡೇನು?

ಆಟ ಮುಗಿದ ಮೇಲೆ ಟೆರೆಸಾ ಓಡಿಬಂದು, "ತಾತ, ಕೇಳಿಸ್ತಾ?" ಎಂದಳು.

"ಒಂದೊಂದು ಅಕ್ಷರವೂ ಕೇಳಿಸ್ತು ಕಂದಾ" ಎಂದರು. ಐವತ್ತೊಂದು ವರ್ಷದ ಸಂಸಾರದಲ್ಲಿ ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ. ಅದನ್ನು ಹೇಳಿಸಿದವರು ನೀವು.

ಈ ತಿಂಗಳ ಒಂಬತ್ತಕ್ಕೆ ನಿಮ್ಮ ಮರುನೇಮಕದ ಬಹಿರಂಗ ವಿಚಾರಣೆ. ಪ್ರತಿ ನಾಗರಿಕರಿಗೂ ಮಾತನಾಡಲು ಎರಡು ನಿಮಿಷ. ಮುಗಿಯುವತನಕ ನೀವು ಎದ್ದು ಹೋಗುವಂತಿಲ್ಲ. ನಿಯಮ ನಿಮ್ಮದೇ. ನಮ್ಮ ಬೀದಿಯಿಂದ, ಚರ್ಚಿನಿಂದ, ಅಂಧರ ಸಂಘದಿಂದ ಅರವತ್ತಮೂರು ಜನ ಹೆಸರು ಕೊಟ್ಟಿದ್ದೇವೆ. ಯಾರೂ ನಿಮ್ಮನ್ನು ಬೈಯುವುದಿಲ್ಲ. ಆ ಒಂದು ಮೈಲಿಯನ್ನು ಹೆಜ್ಜೆಹೆಜ್ಜೆಯಾಗಿ ಹೇಳುತ್ತೇವೆ, ಅರವತ್ತಮೂರು ಸಲ.

ಅಷ್ಟರೊಳಗೆ ಬಸ್ಸು ಮರಳಿ ಓಡಿಸಿ. ಓಡಿಸಿದರೂ ನಾವು ಬಂದೇ ಬರುತ್ತೇವೆ.

ಇಂತಿ,
ಎಪ್ಪತ್ತನಾಲ್ಕು ವರ್ಷ ವಿಧೇಯಳಾಗಿದ್ದು ಏನೂ ಗಿಟ್ಟದ
ವಾಂಡಾ ಕುಹಾರ್ಸ್ಕಿ