ಬ್ಯಾಟರಿ ಮೇಲಿನ ವಿಭೂತಿ

ಕೊಂಡ್ಲಹಳ್ಳಿ
ಬುಧವಾರ

ಅಪ್ಪನಿಗೆ ತೇಜಶ್ರೀಯ ನಮಸ್ಕಾರ.

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಪತ್ರ. ಸೋಮವಾರ ಪಾಪುವಿಗೆ ಜ್ವರ ಬಂದಾಗ ನಮ್ಮ ಹಳೇ ಕಾರು ಸ್ಟಾರ್ಟ್ ಆಗಲಿಲ್ಲ. ಪಕ್ಕದ ಮನೆಯವರ ಬೈಕಿನಲ್ಲಿ ಮೊಳಕಾಲ್ಮೂರು ಆಸ್ಪತ್ರೆಗೆ ಹೋದೆವು. ಈಗ ಜ್ವರ ಇಳಿದಿದೆ, ನನಗೆ ಮಾತ್ರ ನಿದ್ದೆಯಿಲ್ಲ.

ಬಾನೆಟ್ ಎತ್ತಿದರೆ ಬ್ಯಾಟರಿ ಟರ್ಮಿನಲ್ ಮೇಲೆಲ್ಲ ಬಿಳಿ ಪುಡಿ, ಅಂಚಿನಲ್ಲಿ ಹಸಿರು. "ಮುಟ್ಟಬ್ಯಾಡವ್ವ, ಆಯುಧಪೂಜೆ ವಿಭೂತಿ ಅದು," ಅಂದರು ಅತ್ತೆ. "ವಿಭೂತಿ ಹಸಿರುಗಟ್ತೈತೇನತ್ತೆ?" ಅಂದೆ. ನೀನು ಮಾಡುತ್ತಿದ್ದ ಹಾಗೆಯೇ ಬಿಸಿನೀರು ಹಾಕಿ ತೊಳೆದು, ಒರೆಸಿ, ಬಿಗಿ ಮಾಡಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು!

ಆದರೆ ಏರು ಬಂದರೆ ಎಳೆಯುವುದಿಲ್ಲ, ಉಸಿರು ಕಟ್ಟಿದಂಥ ಸದ್ದು. ಏರ್ ಫಿಲ್ಟರ್ ಕೊಡವಿದರೂ ಹೋಗಲಿಲ್ಲ. ಮತ್ತೆ ಜ್ವರ ಬಂದರೆ ಅಂತ ಭಯ. ಸದ್ದು ಕೇಳಿಯೇ ರೋಗ ಹೇಳುವ ಕಿವಿ ನಿನ್ನದು.

ಕೈ ನಡುಗುತ್ತದೆಂದು ನೀನು ಗ್ಯಾರೇಜ್ ಮುಚ್ಚಿದ್ದು ಗೊತ್ತು. ಮೊಮ್ಮಗನನ್ನು ಎತ್ತಿಕೊಳ್ಳಲು ಹೆದರಿ ಬಾರದಿದ್ದದ್ದೂ ಗೊತ್ತು. ಭಾನುವಾರ ಚಳ್ಳಕೆರೆ ಬಸ್ಸಿಗೆ ಬಾ. ಸ್ಪ್ಯಾನರ್ ನಾನು ಹಿಡಿಯುತ್ತೇನೆ, ನೀನು ಕೂತು ಕೇಳಿ ಹೇಳು. ಪಾಪುವನ್ನು ನಿನ್ನ ಕೈಗೇ ಕೊಡುತ್ತೇನೆ. ಅಲುಗಾಡದ ಕೈಯಲ್ಲಿ ಅವನು ಮಲಗುವುದೇ ಇಲ್ಲ, ಅಪ್ಪ.

ನಿನ್ನ ದಾರಿ ನೋಡುತ್ತಾ,
ತೇಜು